ಹಡಗು ಹತ್ತಿದ ಹುಳು

ರೂಮ್ ಗುಡಿಸಲು ಬಂದ ಹೆಂಗಸು ನಮ್ಮ ಹಾಸಿಗೆ ನೋಡಿದವಳೇ ಕಿಟಾರನೆ ಕಿರುಚಿ ಹಿಂದಕ್ಕೆ ಹಾರಿದಳು. ಚೆನ್ನೈನಿಂದ ಹೊರಟ ಪ್ರವಾಸಿ ಹಡಗಿನಲ್ಲಿ ನಾನೂ ನಮ್ಮತ್ತೆಯೂ ಇದ್ದೆವು. ಹಡಗಿನ ಹಾಸಿಗೆಯಲ್ಲಿ ತಿಗಣೆ ಇರುತ್ತವಂತೆ, ಕಜ್ಜಿ ಹುಳು ಚರ್ಮಕ್ಕೆ ಹತ್ತುತ್ತದಂತೆ ಎಂದು ಮೊಬೈಲಿನಲ್ಲಿ ನೋಡಿ ನೋಡಿ ನಾನೇ ಅವರನ್ನು ಹೆದರಿಸಿದ್ದೆ. ಹಡಗು ಹತ್ತಿದ ಕೂಡಲೇ ಇಬ್ಬರೂ ಟಾರ್ಚ್ ಹಿಡಿದು ಹಾಸಿಗೆಯ ಹೊಲಿಗೆಗಳನ್ನೆಲ್ಲ ಹುಡುಕಿದ್ದೆವು. ಏನೂ ಸಿಕ್ಕಿರಲಿಲ್ಲ. ಆದರೂ ನಂಬಿಕೆ ಸಾಲದೆ ಅತ್ತೆ ನಮ್ಮೂರು ಸುಗಟೂರಿನಿಂದ ತಂದಿದ್ದ ಮನೆಯ ಕಂಬಳಿಯನ್ನೇ ಮೇಲೆ ಹಾಸಿದ್ದರು.

ಆ ಹೆಂಗಸು ಬೆರಳು ತೋರಿಸಿದ್ದು ಆ ಕಂಬಳಿಯತ್ತಲೇ! ಬೆರಳುದ್ದದ ಹುಳುವೊಂದು ತಲೆಯೆತ್ತಿ ಆಡಿಸುತ್ತಿತ್ತು.

ಅತ್ತೆ ಅದನ್ನು ಅಂಗೈಗೆ ತೆಗೆದುಕೊಂಡು, "ಹೆದರ್ಕೋಬೇಡಮ್ಮ, ಇದು ನಮ್ಮನೆ ಹುಳ. ಗೂಡು ಕಟ್ಟೋಕೆ ಜಾಗ ಹುಡುಕ್ತಾ ಐತೆ, ಅಷ್ಟೇ" ಎಂದು ತಮ್ಮ ರೇಷ್ಮೆ ಸೀರೆಯ ಸೆರಗು ತೋರಿಸಿದರು. ಹೊರಡುವ ಮುಂಚೆ ಊರಲ್ಲಿ ಆ ಕಂಬಳಿ ಹರವಿದ್ದು ನಮ್ಮ ಮನೆಯ ರೇಷ್ಮೆ ಹುಳು ಸಾಕುವ ಕೋಣೆಯಲ್ಲಿ ಎಂಬುದು ಆಗ ನನಗೆ ಹೊಳೆಯಿತು. ಕನ್ನಡ ಬಾರದ ಆ ಹೆಂಗಸು ಒಮ್ಮೆ ಸೆರಗು ಮುಟ್ಟಿದಳು, ಒಮ್ಮೆ ಹುಳು ನೋಡಿದಳು, ಕಣ್ಣರಳಿಸಿ ಓಡಿಹೋಗಿ ಒಂದು ಪೇಪರ್ ಕಪ್ ತಂದಳು! ಆಮೇಲೆ ದಿನಾ ಬೆಳಗ್ಗೆ ಅವಳು ಮೊದಲು ಕಪ್ಪಿನೊಳಗೆ ಇಣುಕುತ್ತಿದ್ದಳು, ಕಸ ಗುಡಿಸುವುದು ಆಮೇಲೆ.

ಇಳಿಯುವ ಹೊತ್ತಿಗೆ ಕಪ್ಪಿನಲ್ಲಿ ಹಳದಿ ಗೂಡು ತಯಾರಾಗಿತ್ತು. ಅದನ್ನು ಅವಳಿಗೇ ಕೊಟ್ಟು ಬಂದೆವು. ಇಡೀ ಪ್ರವಾಸದಲ್ಲಿ ನಮಗೆ ಒಂದೂ ತಿಗಣೆ ಕಾಣಲಿಲ್ಲ. ಹಡಗಿಗೆ ಹುಳು ಹೊತ್ತು ತಂದವರು ನಾವೇ!