ಬಿದ್ದ ಏಟಿಗೇ ಹೋಗೈತೆ

ಶಾಂತಕ್ಕ, ನಿಮ್ಮ ಯಜಮಾನರ ಧ್ವನಿಯನ್ನು ಅಳಿಸಿಹಾಕಿದವನು ನಾನು. ನಿಮ್ಮ ತಮ್ಮ ರುದ್ರೇಶನಲ್ಲ.

ಮೇಷ್ಟ್ರು ತೀರಿಕೊಂಡ ಮೇಲೆ ನೀವಿಬ್ಬರೂ ಅವರ ಲ್ಯಾಪ್‌ಟಾಪ್ ಹಿಡಿದು ಹೊಸದುರ್ಗದ ನನ್ನ ರಿಪೇರಿ ಅಂಗಡಿಗೆ ಬಂದಿರಿ. ಲಾಕ್‌ಡೌನ್‌ನಲ್ಲಿ ಅವರು ಮಕ್ಕಳಿಗಾಗಿ ರೆಕಾರ್ಡ್ ಮಾಡಿದ್ದ ಗಣಿತದ ಪಾಠಗಳು ಅದರಲ್ಲಿದ್ದವು— ಬೇರೆಲ್ಲೂ ಇರಲಿಲ್ಲ. ಲ್ಯಾಪ್‌ಟಾಪ್ ಶುರುವಾಗುತ್ತಿಲ್ಲವೆಂದು ರುದ್ರೇಶ ಮೊದಲು ಚಿತ್ರದುರ್ಗಕ್ಕೆ ಒಯ್ದಿದ್ದ. ಅಲ್ಲೂ ರಿಪೇರಿಯಾಗದೆ ವಾಪಸ್ ತರುವಾಗ ಬೈಕ್ ಜಾರಿ, ಅದಿದ್ದ ಬ್ಯಾಗು ಬಿದ್ದಿತ್ತು.

"ಲೆಕ್ಕ ನಂಗ್ಯಾಕಪ್ಪ, ಅವ್ರು ಮಾತಾಡದು ಕೇಳ್ಬೇಕು ಅಷ್ಟೆ," ಎಂದಿರಿ.

ಡಿಸ್ಕ್ ಚೆನ್ನಾಗಿಯೇ ಇತ್ತು, ಅಕ್ಕ. ಕೆಟ್ಟಿದ್ದು ವಿಂಡೋಸ್ ಮಾತ್ರ. ಪೆನ್‌ಡ್ರೈವ್‌ನಿಂದ ಲಿನಕ್ಸ್ ಎಂಬ ಇನ್ನೊಂದು ಸಿಸ್ಟಮ್ ಚಾಲೂ ಮಾಡಿ ಪಾಠಗಳನ್ನು ಹೊರತೆಗೆಯೋಣವೆಂದುಕೊಂಡೆ. ಲ್ಯಾಪ್‌ಟಾಪ್ ಪೆನ್‌ಡ್ರೈವನ್ನು ಗುರುತಿಸಲೇ ಇಲ್ಲ. ಬೇರೆ ಪೋರ್ಟಿಗೆ ಹಾಕಿದೆ, ಪೆನ್‌ಡ್ರೈವನ್ನು ಹೊಸದಾಗಿ ಸಿದ್ಧಮಾಡಿದೆ, ಹೊರಗಿನ ಸಿಸ್ಟಮ್ ತಡೆಯುವ ಸೆಕ್ಯೂರ್ ಬೂಟ್ ಆಫ್ ಮಾಡಿದೆ— ಮತ್ತೆ ಮತ್ತೆ ಅದೇ ಕಪ್ಪು ಪರದೆ. ಸಂಜೆಯ ಹೊತ್ತಿಗೆ ಲಿನಕ್ಸ್ ಬಂತು. ಬಂದ ಖುಷಿಯೋ, ದಣಿವೋ... ಸುಮ್ಮನೆ ತೆರೆದು ನೋಡುವ ಬದಲು, ಅದನ್ನು ಡಿಸ್ಕಿಗೇ ಹಾಕುವ ಇನ್‌ಸ್ಟಾಲ್ ಒತ್ತಿದೆ. ಡಿಸ್ಕ್ ಪೂರ್ತಿ ಅಳಿಸಲೇ ಎಂದು ಕೇಳಿತು. ನಾನು ಓದಲಿಲ್ಲ. ದಿನಾ ಎಲ್ಲರ ಲ್ಯಾಪ್‌ಟಾಪಿಗೂ ಒತ್ತುವಂತೆ 'ಹೌದು' ಒತ್ತಿಬಿಟ್ಟೆ.

ಮರಳಿ ತೆಗೆಯಲು ಗೊತ್ತಿದ್ದುದನ್ನೆಲ್ಲ ಮಾಡಿದೆ. ಒಂದು ಪಾಠವೂ ಸಿಗಲಿಲ್ಲ.

ಮರುದಿನ ನೀವಿಬ್ಬರೂ ಬಂದಾಗ ನಿಜ ಹೇಳಬೇಕೆಂದೇ ಇದ್ದೆ. ಅಷ್ಟರಲ್ಲಿ ರುದ್ರೇಶನೇ ಕೇಳಿದ: "ಬಿದ್ದಿದ್ಕೇ ಹೋತೇನ್ರಿ?"

"ಹೂಂ, ಬಿದ್ದ ಏಟಿಗೇ ಹೋಗೈತೆ," ಎಂದೆ.

ನೀವು ಅವನನ್ನು ನೋಡಿದ ನೋಟ— ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಅಂದಿನಿಂದ ನೀವು ಅವನ ಜೊತೆ ಮಾತು ಬಿಟ್ಟಿರಿ. ನಿಮ್ಮ ಮಗಳ ಮದುವೆಯಲ್ಲಿ ಸೋದರಮಾವನ ಜಾಗದಲ್ಲಿ ಬೇರೆ ಯಾರೋ ನಿಂತಿದ್ದರು. ನಾನು ಉಂಡು ಬಂದೆ.

ರುದ್ರೇಶ ಆಗಾಗ ಅಂಗಡಿಗೆ ಬಂದು, ಹಾಳಾದ ಡಿಸ್ಕಿನಿಂದ ಫೈಲು ತೆಗೆಯಲು ಹೊಸ ದಾರಿ ಬಂದಿದೆಯೇ ಎಂದು ಕೇಳುತ್ತಿದ್ದ. ಕಳೆದ ವಾರ ತಡೆಯಲಾಗಲಿಲ್ಲ— ಎಲ್ಲವನ್ನೂ ಹೇಳಿಬಿಟ್ಟೆ. ಹೊಡೆಯುತ್ತಾನೆ ಎಂದುಕೊಂಡೆ. ಅವನು ಬೆಂಚಿನ ಮೇಲೆ ಕುಸಿದು ಕೂತ.

"ಅಕ್ಕಂಗೆ ಹೇಳ್ಬ್ಯಾಡ್ರಿ. ಬಿದ್ದು ಹೋತು ಅಂತ ಹೆಂಗೋ ತಡ್ಕಂಡವ್ಳೆ. ಎಲ್ಲಾ ಚೆನ್ನಾಗೇ ಇತ್ತು ಅಂತ ಗೊತ್ತಾದ್ರೆ ತಡ್ಕಳಲ್ಲ."

ಅವನ ಮಾತು ನಿಜವಿರಬಹುದು. ಆದರೂ ಇನ್ನು ಅವನ ಹಿಂದೆ ಬಚ್ಚಿಟ್ಟುಕೊಳ್ಳಲಾರೆ. ನಾಳೆ ನಿಮ್ಮ ಬಾಗಿಲಿಗೆ ಬಂದು ಇದನ್ನೇ ಬಾಯಿಬಿಟ್ಟು ಹೇಳುತ್ತೇನೆ. ಆಮೇಲೆ ನೀವು ತಮ್ಮನಿಗೆ ಫೋನ್ ಮಾಡುತ್ತೀರೋ, ಇಲ್ಲವೋ, ನಿಮಗೆ ಬಿಟ್ಟಿದ್ದು— ಮೇಷ್ಟ್ರ ಧ್ವನಿಯನ್ನಂತೂ ನಾನು ನಿಮಗೆ ಮತ್ತೆ ಕೇಳಿಸಲಾರೆ.