ಜೋಡಿ ಬಿಟ್ಟವರ ತಪ್ಪು

ನನ್ನ ಅಂಗನವಾಡಿಯಲ್ಲಿ ಒಂದು ಕಾಯಿದೆ ಇತ್ತು. ಸರಕಾರದ್ದಲ್ಲ, ನಾನೇ ಮಾಡಿದ್ದು. ಕೈ ತೊಳೆಯಲು ಹೋಗುವಾಗ, ಒಂದಕ್ಕೆ ಹೋಗುವಾಗ, ಸಂಜೆ ಮನೆಗೆ ಹೊರಡುವಾಗ ಮಕ್ಕಳು ಎತ್ತುಗಳ ಹಾಗೆ ಇಬ್ಬಿಬ್ಬರು ಜೋಡಿಯಾಗಿ ಕೈ ಹಿಡಿದು ನಡೆಯಬೇಕು. ಪ್ರತಿ ಕೂಸಿಗೂ ಒಂದು ಕಾಯಂ ಜೋಡಿ. ಸಾಲು ಹೊರಡುವ ಮುಂಚೆ ನಾನು ಕೇಳುತ್ತಿದ್ದೆ, "ಜೋಡಿ ಬಿಟ್ಟರ ಯಾರ ತಪ್ಪು?" ಇಪ್ಪತ್ತೆರಡು ಬಾಯಿ ಒಟ್ಟಿಗೆ ಕೂಗುತ್ತಿದ್ದವು, "ಬಿಟ್ಟವ್ರ ತಪ್ಪ್ರಿ ಅಕ್ಕಾರ." ಊರವರಿಗೆ ಇದು ಬಹಳ ಹಿಡಿಸಿತ್ತು. ತಪಾಸಣೆಗೆ ಬಂದ ಮೇಲ್ವಿಚಾರಕಿಯೂ ಹೊಗಳಿ ಹೋಗಿದ್ದರು. ನಾನು ಬೀಗುತ್ತಿದ್ದೆ. ಹೊಗಳಿದರೆ ಬೀಗುವುದು, ಬೈದರೆ ಬೆಂಕಿಯಾಗುವುದು, ಎರಡೂ ನನ್ನ ಹುಟ್ಟುಗುಣ.

ಊರು ನವಲಗುಂದ ತಾಲೂಕಿನದು. ಸುತ್ತ ಎರೆಹೊಲ, ಮಳೆ ಬಿದ್ದರೆ ಚಪ್ಪಲಿ ನುಂಗುವ ನೆಲ. ಆ ಇಪ್ಪತ್ತೆರಡರಲ್ಲಿ ಇಬ್ಬರು ಹುಡುಗಿಯರಿದ್ದರು, ಐದೈದು ವರ್ಷದವರು, ಒಂದೇ ಓಣಿಯವರು. ಹೆಸರು ಬರೆಯಲಾರೆ. ಒಬ್ಬಳನ್ನು ಹೋದವಳು ಎನ್ನುತ್ತೇನೆ, ಇನ್ನೊಬ್ಬಳನ್ನು ಉಳಿದವಳು. ಇವರಿಗೆ ನನ್ನ ಕಾಯಿದೆ ಬೇಕೇ ಇರಲಿಲ್ಲ. ಕೂತರೂ ನಿಂತರೂ ಕೈ ಹಿಡಿದೇ ಇರುತ್ತಿದ್ದರು. ಉಣ್ಣುವಾಗಲಾದರೂ ಬಿಡ್ರೇ ಎಂದು ನಾನೇ ಗದರುತ್ತಿದ್ದೆ.

ಕಡಲೆ ಕೀಳುವ ದಿನಗಳವು. ಓಣಿಗೆ ಓಣಿಯೇ ಹೊಲದಲ್ಲಿತ್ತು. ನನ್ನ ಆಯಾ, ಅಡುಗೆ ಮಾಡಿ ಮಕ್ಕಳ ಮೂಗು ಒರೆಸುವ ನನ್ನ ಬಲಗೈ, ಆ ದಿನ ಸಂಬಂಧಿಕರ ಮದುವೆಗೆ ಹೋಗಿದ್ದಳು. ಸಂಜೆ ಬೇರೆ ಮಕ್ಕಳನ್ನೆಲ್ಲ ಕಳಿಸಿ, ಉಳಿದವಳನ್ನು ನಿಲ್ಲಿಸಿಕೊಂಡೆ. ಸರಕಾರದ ದಾಖಲೆಗೆಂದು ಅವಳ ಮುಖದ ಫೋಟೋ ಒಂದನ್ನು ಇಲಾಖೆಯ ಮೊಬೈಲಿಗೆ ಏರಿಸುವುದಿತ್ತು, ಅದೇ ದಿನ ಕಡೆಯ ದಿನ. ನೆಟ್‌ವರ್ಕ್ ಬರುತ್ತಿತ್ತು, ಹೋಗುತ್ತಿತ್ತು. ಹೋದವಳೂ ಅವಳ ಕೈ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಚೌಕಟ್ಟಿನೊಳಗೆ ಎರಡು ಮುಖ ಬಂದರೆ ಆ ಮೊಬೈಲು ಒಪ್ಪುವುದಿಲ್ಲ. ಎರಡು ಸಲ, ಮೂರು ಸಲ ತಿರಸ್ಕರಿಸಿತು. ನನಗೆ ಸಿಟ್ಟು ಬಂತು. "ಕೈ ಬಿಡ್ರಿ ಅಂದ್ನೆಲ್ಲಾ" ಎಂದು ಇಬ್ಬರ ಬೆರಳುಗಳನ್ನು ನಾನೇ ಬಿಡಿಸಿದೆ. ಹೋದವಳಿಗೆ, "ನೀ ಹೊರಗ ಪಾವಟಿಗಿ ಮ್ಯಾಲೆ ಕುಂದ್ರು, ಈಕಿ ಬರ್ತಾಳ" ಎಂದೆ. ಐದನೆಯ ಸಲಕ್ಕೆ ಫೋಟೋ ಏರಿತು. ಹೊರಗೆ ಬಂದು ನೋಡಿದರೆ ಬಾಗಿಲ ಮುಂದಿನ ಮೆಟ್ಟಿಲು ಖಾಲಿ. ಮನೆಗೆ ಹೋಗಿರಬೇಕು ಎಂದುಕೊಂಡು ಉಳಿದವಳನ್ನು ಒಬ್ಬಳೇ ಕಳಿಸಿ, ಬೀಗ ಹಾಕಿ, ನಾನು ಬಸ್ಸು ಹಿಡಿದೆ.

ಅವಳು ಮನೆಗೆ ಹೋಗಿರಲಿಲ್ಲ. ಅವ್ವ ಕಡಲೆ ಕೀಳುತ್ತಿದ್ದ ಹೊಲದ ದಾರಿ ಹಿಡಿದಿದ್ದಳು. ಆ ದಾರಿಯಲ್ಲಿ ಒಂದು ಕೃಷಿಹೊಂಡ ಇದೆ, ಒಳಗೆಲ್ಲ ಕರಿಯ ಪ್ಲಾಸ್ಟಿಕ್ ಹಾಸಿದ್ದು. ಕಾಲಿಟ್ಟರೆ ಜಾರುತ್ತದೆ, ಹತ್ತಿ ಬರಲು ಹಿಡಿತ ಸಿಗುವುದಿಲ್ಲ.

ಕೇಳಲು ಬಂದವರಿಗೆಲ್ಲ ನಾನು ಹೇಳಿದ್ದು ಒಂದೇ ಮಾತು: ಎಂದಿನಂತೆ ಜೋಡಿಯಾಗಿಯೇ ಕಳಿಸಿದ್ದೆ. ಪೊಲೀಸರಿಗೂ ಅದನ್ನೇ, ಮೇಲ್ವಿಚಾರಕಿಗೂ ಅದನ್ನೇ. ಯಾರೂ ಮರುಪ್ರಶ್ನೆ ಹಾಕಲಿಲ್ಲ. ನನ್ನ ಕಾಯಿದೆ ಊರಿಗೆಲ್ಲ ಗೊತ್ತಿತ್ತಲ್ಲ. ಉಳಿದವಳನ್ನು ಕೇಳಿದರು. ಅವಳು ಅಂದದ್ದು, "ನಾ ಕೈ ಬಿಟ್ಟೆ." ಅಷ್ಟಕ್ಕೆ ಊರು ತೀರ್ಮಾನ ಮಾಡಿತು: ಈ ಕೂಸು ನಡುದಾರಿಯಲ್ಲಿ ಜೋಡಿ ಬಿಟ್ಟು ಮನೆಗೆ ಓಡಿ ಬಂತು, ಆ ಕೂಸು ನೀರಿಗೆ ಹೋಯಿತು. ಬೇಲಿಯೇ ಎದ್ದು ಹೊಲ ಮೇದ ಮೇಲೆ ಹೊಲ ಯಾರಿಗೆ ದೂರು ಹೇಳಬೇಕು? ನಾನು ಬಾಯಿ ಮುಚ್ಚಿಕೊಂಡೆ. ಕೆಲಸ ಹೋಗುತ್ತದೆಂಬ ಹೆದರಿಕೆ ಒಂದು. ಅದಕ್ಕಿಂತ ದೊಡ್ಡದು, ಹೋದವಳ ತಾಯಿಯ ಮುಖ.

ಅಂದಿನಿಂದ ಮಕ್ಕಳು ಇಪ್ಪತ್ತೊಂದು. ಸಾಲು ಕಟ್ಟಿದರೆ ಒಬ್ಬರು ಒಂಟಿ. ಆ ಒಂಟಿ ಯಾವಾಗಲೂ ಅವಳೇ. ಮೂವರ ಗುಂಪು ಮಾಡಿ ನೋಡಿದೆ, ಬಲಗೈ ಕೊಟ್ಟಳು, ಎಡಗೈ ಕೊಡಲಿಲ್ಲ. ಎಡಗೈಯನ್ನು ಮೈಯಿಂದ ಒಂದು ಗೇಣು ದೂರ ಇಟ್ಟುಕೊಂಡು, ಬೆರಳು ಮಡಚಿ, ಯಾರದೋ ಕೈ ಹಿಡಿದವರಂತೆ ನಡೆಯುತ್ತಿದ್ದಳು. ಬೇರೆ ಮಕ್ಕಳು ಆ ಕಡೆ ಜಾಗ ಬಿಟ್ಟು ನಿಲ್ಲುತ್ತಿದ್ದವು. ಯಾರು ಹೇಳಿಕೊಟ್ಟರೋ ಗೊತ್ತಿಲ್ಲ, ನಾನಂತೂ ಹೇಳಿರಲಿಲ್ಲ. ಪ್ರತಿ ತಿಂಗಳು ತೂಕ ಹಾಕುವ ದಿನ ಮೊಬೈಲು ಬೇರೆ ನನ್ನನ್ನು ಕಾಡುತ್ತಿತ್ತು. ಹೋದವಳ ಹೆಸರನ್ನು ಮೇಲಿನವರು ಇನ್ನೂ ತೆಗೆದಿರಲಿಲ್ಲ. ಎಲ್ಲರದೂ ತುಂಬಿದ ಮೇಲೆ ಒಂದು ಸಾಲು ಉಳಿಯುತ್ತಿತ್ತು: ಈ ಮಗುವಿನ ತೂಕ ದಾಖಲಾಗಿಲ್ಲ.

ಮಣ್ಣೆತ್ತಿನ ಅಮಾವಾಸ್ಯೆಯ ವಾರ ಬಂದದ್ದು ಹೀಗೆ, ಐದು ತಿಂಗಳಾದ ಮೇಲೆ. ಆ ವಾರದ ಪಾಠ ಸಾಕುಪ್ರಾಣಿಗಳು. ಸೋಮವಾರ ಆಯಾ ಒಂದು ಬುಟ್ಟಿ ಎರೆಮಣ್ಣು ತಂದಳು. ಮಕ್ಕಳು ಹರಳು ಆರಿಸಿ, ನೀರು ಹಾಕಿ, ಮೊಣಕೈವರೆಗೆ ಬಳಿದುಕೊಂಡು ಕಲಸಿದವು. ಮಂಗಳವಾರ ಎತ್ತು ಮಾಡಿದೆವು. ಎತ್ತಿಗೆ ಕಾಲೆಷ್ಟು, ಕೋಡೆಷ್ಟು ಎಂದು ಎಣಿಸುತ್ತ ಮಾಡಬೇಕು, ಅದೇ ಅವತ್ತಿನ ಲೆಕ್ಕ. ಒಬ್ಬ ಪೋರ ನಾಲ್ಕು ಗಾಲಿ ಉರುಟು ಮಾಡಿ ಕೂತಿದ್ದ. ಏನಲೇ ಇದು ಎಂದೆ. "ನಮ್ಮನ್ಯಾಗ ಎತ್ತಿಲ್ರಿ ಅಕ್ಕಾರ, ಟ್ರ್ಯಾಕ್ಟರ್ ಐತಿ."

"ಹಂಗಾರ ಅದಕ್ಕ ಹೋಳಗಿ ತಿನಸು" ಎಂದೆ. ಅವನು ಟ್ರ್ಯಾಕ್ಟರಿಗೆ ಒಂದು ಬಾಯಿ ಮಾಡಿದ.

ಉಳಿದವಳು ಎರಡು ಎತ್ತು ಮಾಡಿದ್ದಳು. ಚೆಂದ ಮಾಡಿದ್ದಳು, ಕಣ್ಣಿಗೆ ಗುಲಗಂಜಿ, ಕೊರಳಿಗೆ ಕುಸುಬಿ ಕಾಳಿನ ಸರ. ಆದರೆ ಎರಡನ್ನೂ ಪಕ್ಕೆಗೆ ಪಕ್ಕೆ ಹಚ್ಚಿ, ನಡುವೆ ಮಣ್ಣು ಮೆತ್ತಿ ಒಂದೇ ಮಾಡಿದ್ದಳು. "ಹಿಂಗ ಅಂಟಿಸಿದ್ರ ಒಣಗಿದ ಮ್ಯಾಲೆ ಸೀಳ್ತಾವವ್ವಾ, ಬಿಡಸೂಣು ತಾ" ಎಂದು ಕೈ ಚಾಚಿದೆ. ಅವಳು ಎತ್ತು ಕೊಡಲಿಲ್ಲ, ಅಳಲೂ ಇಲ್ಲ. ನನ್ನ ಬೆರಳುಗಳನ್ನೇ ನೋಡಿದಳು. ನನ್ನ ಕೈ ಅಲ್ಲೇ ನಿಂತಿತು. ಅವಳ ಜೋಡಿಯನ್ನು ಹಾಗೆಯೇ ಒಣಗಲು ಇಟ್ಟೆ.

ಬುಧವಾರ ಎತ್ತುಗಳಿಗೆ ಮೇವು ಹಾಕುವ ಗೋದಲಿ ಮಾಡಿ, ಸುಣ್ಣದ ಚುಕ್ಕೆ ಇಟ್ಟೆವು. ಆಯಾ ಪಾತ್ರೆ ತಿಕ್ಕುತ್ತ ನನಗೊಬ್ಬಳಿಗೇ ಕೇಳುವಂತೆ ಹೇಳಿದಳು, "ಶುಕ್ರವಾರ ಜ್ವಾಳ ಬೇಡಾಕ ಹೋಗೂಮುಂದ ಆ ಹ್ವಾದ ಕೂಸಿನ ಮನೀಗೆ ಹೋಗೂದು ಬ್ಯಾಡ್ರಿ ಅಕ್ಕಾರ. ಈ ಕೂಸನ್ನ ಕಂಡ್ರ ಅದರವ್ವ ಬಾಗಲಾ ಹಾಕ್ಕೋತಾಳ."

"ಯಾಕಂತ?"

"ಯಾಕಂದ್ರ? ಜೋಡಿ ಬಿಟ್ಟಾಕಿ ಈಕೀನ ಅಲ್ಲೇನ್ರಿ?"

ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರೆ. ಆಯಾ ನನ್ನನ್ನು ಚುಚ್ಚಲು ಹೇಳಿದಳೇನೋ ಎಂದು ಅವಳ ಮುಖ ನೋಡಿದೆ. ಅವಳು ಬೂದಿ ಹಚ್ಚಿ ತಿಕ್ಕುತ್ತಲೇ ಇದ್ದಳು.

ಗುರುವಾರ ಅಮಾವಾಸ್ಯೆ. ಮಣೆಯ ಮೇಲೆ ಎತ್ತುಗಳನ್ನಿಟ್ಟು ಪೂಜೆ ಮಾಡಿ, ಕಡುಬಿನ ಎಡೆ ತೋರಿಸಿದೆವು. ಟ್ರ್ಯಾಕ್ಟರಿಗೂ ತೋರಿಸಿದೆವು, ಇಲ್ಲದಿದ್ದರೆ ಆ ಪೋರ ಬಿಡುತ್ತಿರಲಿಲ್ಲ. ಉಳಿದವಳ ಎತ್ತುಗಳ ನಡುವೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಅವಳು ಉಗುಳು ಹಚ್ಚಿ ಹಚ್ಚಿ ಮುಚ್ಚುತ್ತಿದ್ದಳು.

ಅಮಾವಾಸ್ಯೆಯ ಮರುದಿನ ನಮ್ಮ ಕಡೆ ಒಂದು ಪದ್ಧತಿ. ಒಂದು ಎತ್ತಿನ ಕಾಲು ಮುರಿದು, ತಾಟಿನಲ್ಲಿಟ್ಟುಕೊಂಡು, ಕುಂಟೆತ್ತು ಬಂದಿದೆ, ಜೋಳ ನೀಡಿ ಎಂದು ಮಕ್ಕಳು ಮನೆಮನೆಗೆ ಹೋಗುತ್ತಾರೆ. ಬಂದ ಜೋಳ ಕೊಟ್ಟು ಚುರುಮುರಿ ತಂದು ಹಂಚಿಕೊಂಡು ತಿಂದು, ಎತ್ತನ್ನು ನೀರಿಗೆ ಬಿಡುವುದು. ನೀರಿಗೆ ಬಿಡಲು ನಾನು ಹೊಂಡದ ಕಡೆ ಹೋಗುವವಳಲ್ಲ. ಅಂಗಳದಲ್ಲೇ ಒಂದು ಬಕೆಟ್ ತುಂಬಿಸಿ ಇಟ್ಟಿದ್ದೆ.

"ಯಾರ ಎತ್ತು ಕುಂಟ ಮಾಡೂಣು?" ಎಂದು ಕೇಳಿದೆ. ಎಲ್ಲರೂ ತಂತಮ್ಮ ಎತ್ತುಗಳನ್ನು ಬೆನ್ನ ಹಿಂದೆ ಬಚ್ಚಿಟ್ಟರು. ಉಳಿದವಳು ಎದ್ದು ಬಂದಳು. ಎರಡು ಕೈಯಲ್ಲಿ ಜೋಡಿಯನ್ನು ಹಿಡಿದು ಎಳೆದಳು. ಬಿರುಕು ಬಿಟ್ಟದ್ದೇ ಅಲ್ಲವೇ, ಚಟಕ್ಕನೆ ಬೇರೆಯಾಯಿತು. ಒಂದನ್ನು ಜೋಪಾನವಾಗಿ ಮಣೆಯ ಮೇಲಿಟ್ಟಳು. ಇನ್ನೊಂದರ ಮುಂಗಾಲನ್ನು ನೆಲಕ್ಕೆ ಬಡಿದು ಮುರಿದಳು.

"ಅದನ್ನ ಯಾಕವ್ವಾ ಮುರದಿ?"

"ಇದು ಜೋಡಿ ಬಿಟ್ಟೈತ್ರಿ," ಎಂದಳು. "ಬಿಟ್ಟವ್ರ ತಪ್ಪ್ರಿ ಅಕ್ಕಾರ."

ನನ್ನ ಮಾತು, ನನ್ನದೇ ರಾಗದಲ್ಲಿ. ಐದು ತಿಂಗಳು ನನ್ನ ಎದುರಿಗೇ ಆ ಕೂಸು ಆ ತಪ್ಪು ಹೊತ್ತು ತಿರುಗಿತ್ತು. ನಾನು ಅದಕ್ಕೆ ಒಂದು ಎರಡು ಕಲಿಸುತ್ತಿದ್ದೆ. ನನ್ನ ಮೇಲೆ ನನಗೇ ಹೇಸಿಕೆ ಬಂತು.

ಸಾಲು ಹೊರಟಿತು. ತಾಟು ನಾನೇ ಹಿಡಿದಿದ್ದೆ. ನಾಲ್ಕು ಮನೆ ಆದ ಮೇಲೆ ಆಯಾ ಬೇಡ ಎಂದ ಮನೆಯ ತಿರುವಿನಲ್ಲಿ ನಾನು ಆ ಕಡೆಗೇ ತಿರುಗಿದೆ. ಆಯಾ ನನ್ನ ಸೆರಗು ಹಿಡಿದು ಜಗ್ಗಿದಳು. ನಾನು ನಿಲ್ಲಲಿಲ್ಲ.

ಹೋದವಳ ತಾಯಿ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕೂತಿದ್ದಳು. ನನಗಿಂತ ಹತ್ತು ವರ್ಷ ಚಿಕ್ಕವಳು, ಆ ದಿನ ಅಜ್ಜಿಯಂತೆ ಕಂಡಳು. ನನ್ನನ್ನು ಕಂಡು ಎದ್ದು ನಿಂತು, "ಬರ್ರಿ ಅಕ್ಕಾರ" ಎಂದಳು. ಆಮೇಲೆ ನನ್ನ ಹಿಂದೆ ಎಡಗೈ ದೂರ ಚಾಚಿ ನಿಂತವಳನ್ನು ಕಂಡಳು. ಮೊರ ಎತ್ತಿಕೊಂಡು ಒಳಗೆ ಹೊರಟಳು. "ಬ್ಯಾರೆ ಮನೀಗೆ ಹೋಗ್ರಿ."

"ಯವ್ವಾ, ನಿಂದ್ರು," ಎಂದೆ. "ಕೈ ಬಿಟ್ಟಾಕಿ ಈಕಿ ಅಲ್ಲ. ಬಿಡಿಸಿದಾಕಿ ನಾನು."

ಅವಳು ಹೊಸ್ತಿಲಲ್ಲೇ ತಿರುಗಿದಳು. ನಾನು ಹೇಳಿದೆ. ಫೋಟೋ ಹೇಳಿದೆ, ನೆಟ್‌ವರ್ಕ್ ಹೇಳಿದೆ, ಬೆರಳು ಬಿಡಿಸಿದ್ದು, ಪಾವಟಿಗೆಯ ಮೇಲೆ ಕೂರಿಸಿದ್ದು, ಬೀಗ ಹಾಕಿ ಬಸ್ಸು ಹಿಡಿದದ್ದು, ಪೊಲೀಸರ ಮುಂದೆ ಸುಳ್ಳು ಹೇಳಿದ್ದು. ಮೊಬೈಲ್ ತೆಗೆದು ಆ ಫೋಟೋ ತೋರಿಸಿದೆ. ಅದನ್ನು ಅಳಿಸುವ ಧೈರ್ಯ ನನಗೆ ಒಂದು ದಿನವೂ ಬಂದಿರಲಿಲ್ಲ. ಉಳಿದವಳ ಮುಖ ನಡುವೆ ಇದೆ. ಅವಳ ಎಡಗೈ ಚೌಕಟ್ಟಿನ ಆಚೆಗೆ ಚಾಚಿದೆ, ಬಾಗಿಲ ಕಡೆಗೆ.

ಆ ತಾಯಿ ಫೋಟೋವನ್ನು ಬಹಳ ಹೊತ್ತು ನೋಡಿದಳು. ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು. ಅವಳು ಮೊರ ಹಿಡಿದು ಕಟ್ಟೆ ಇಳಿದು ಉಳಿದವಳ ಮುಂದೆ ಕೂತಳು.

"ಎರಡೂ ಕೈ ಒಡ್ಡು," ಎಂದಳು.

ಕೂಸು ನನ್ನ ಕಡೆ ನೋಡಿತು. ನಾನು ತಲೆಯಾಡಿಸಿದೆ. ಎಡಗೈ ನಿಧಾನಕ್ಕೆ ಬಲಗೈಯ ಪಕ್ಕಕ್ಕೆ ಬಂತು, ಬೆರಳು ಬಿಚ್ಚಿದವು. ಆ ಬೊಗಸೆಗೆ ಅವಳು ಜೋಳ ಸುರಿದಳು, ತುಂಬಿ ನೆಲಕ್ಕೆ ಚೆಲ್ಲುವ ತನಕ. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದಳು. ದನಿ ಏರಿಸಲಿಲ್ಲ.

"ಐದು ತಿಂಗಳಾತ್ರಿ ಅಕ್ಕಾರ. ದಿನಾ ಮುಂಜಾನೆ ದೀಪಾ ಹಚ್ಚಿ, ಈ ಕೂಸಿನ ಹೆಸರು ಹಿಡದು ಶಾಪಾ ಹಾಕೀನಿ. ಅದನ್ನೀಗ ಹ್ಯಾಂಗ ಹೊಳ್ಳಿ ತಗೊಳ್ಳಲಿ, ನೀವ ಹೇಳ್ರಿ."

ನಾನು ಅಂಗನವಾಡಿಯ ಅಕ್ಕಾರು, ಊರಿನ ಅರ್ಧ ಮಕ್ಕಳಿಗೆ ಮೊದಲ ಅಕ್ಷರ ತಿದ್ದಿಸಿದವಳು. ಮಕ್ಕಳು ಮುಂದಿನ ಮನೆಗೆ ಹೊರಟಿದ್ದವು, ಉಳಿದವಳು ತುಂಬಿದ ಬೊಗಸೆ ಹಿಡಿದು ಕೊನೆಯಲ್ಲಿ ನಡೆಯುತ್ತಿದ್ದಳು. ನಾನು ಕುಂಟೆತ್ತಿನ ತಾಟು ಹಿಡಿದು ಆ ಹೊಸ್ತಿಲ ಮುಂದೆ ನಿಂತೇ ಇದ್ದೆ.