ಯಾರ ಪೈಕಿ?

ಹೋದ ವರ್ಷ ಶ್ರಾವಣ ಮುಗಿದ ಮೇಲಿನ ಮಾತಿದು. ನಾನು ಇಂಡಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವವಳು. ಬೆಂಗಳೂರಿನ ಒಂದು ಸಂಸ್ಥೆಯವರು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಿಂದ ಹನ್ನೆರಡು ಜನರನ್ನು ಆರಿಸಿ, 'ಸಾಮಾಜಿಕ ಬದಲಾವಣೆಯ ನಾಯಕರು' ಎಂದು ಹೆಸರಿಟ್ಟು, ಕೊರಳಿಗೆ ಗುರುತಿನ ಚೀಟಿ ಹಾಕಿದ್ದರು. ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಕಥೆ ಓದಿ ಹೇಳುತ್ತಿದ್ದೆನೆಂದು ಆ ಪಟ್ಟಿಯಲ್ಲಿ ನನ್ನ ಹೆಸರೂ ಸೇರಿತ್ತು. ಮನೆಯವರು ಎರಡು ದಿನ "ನಾಯಕರ, ಚಾ ಆತೇನ್ರಿ?" ಎಂದು ಕಾಡಿಸಿದರು.

ನಮಗೆ ಹಚ್ಚಿದ ಮೊದಲ ಕೆಲಸವೆಂದರೆ ಎಲ್ಲರೂ ಒಂದೇ ಕಾದಂಬರಿ ಓದಿ ಚರ್ಚೆ ಮಾಡುವುದು. ದೂರದ ಯಾವುದೋ ದೇಶದ ಅಂತರ್ಯುದ್ಧದ ಕಥೆ, ಕನ್ನಡಕ್ಕೆ ಬಂದದ್ದು. ಅದರಲ್ಲಿ ಹೆಣಗಳು ಬೀಳುತ್ತಲೇ ಇರುತ್ತವೆ, ಆದರೂ ಪುಟಪುಟಕ್ಕೂ ನಗು ಬರುತ್ತದೆ. ನಕ್ಕ ಮೇಲೆ ಯಾಕಾದರೂ ನಕ್ಕೆನೋ ಎಂದು ನಾಚಿಕೆಯಾಗುತ್ತದೆ. ತಿಂಗಳಿಗೊಂದು ಭಾಗದಂತೆ ನಾಲ್ಕು ತಿಂಗಳು, ನಾಲ್ಕು ತಾಲ್ಲೂಕು. ಯಾರ ಮನೆಯಲ್ಲಿ ಚರ್ಚೆಯೋ ಅವರ ಮನೆಯಲ್ಲೇ ಊಟ ಎಂಬುದು ನಿಯಮ. ಅದನ್ನು ಅಚ್ಚು ಹಾಕಿಸಿ ಕೊಟ್ಟಿದ್ದರು.

ಮೊದಲ ಚರ್ಚೆ ನಮ್ಮ ಮನೆಯಲ್ಲೇ ನಡೆಯಿತು. ಅಲ್ಲೇ ನನಗೆ ಶಾಂತವ್ವನ ಪರಿಚಯವಾದದ್ದು. ಮುದ್ದೇಬಿಹಾಳ ಕಡೆಯ ಹಳ್ಳಿಯವಳು, ತನ್ನ ಸಂಘದ ಹೆಂಗಸರನ್ನು ಕಟ್ಟಿಕೊಂಡು ಊರಿನ ದಾರು ಅಂಗಡಿ ಮುಚ್ಚಿಸಿದವಳು. ಓದಿದ್ದು ಏಳನೇ ಇಯತ್ತೆ. ಆದರೆ ಕಾದಂಬರಿಯನ್ನು ನಮ್ಮೆಲ್ಲರಿಗಿಂತ ಗಟ್ಟಿಯಾಗಿ ಓದಿದವಳು ಅವಳೇ. ಹಗಲು ಹತ್ತಿ ಬಿಡಿಸುವಾಗ ಹೊಲದ ಬದುವಿನಲ್ಲಿ ಕೂತು ಜೋರಾಗಿ ಓದುತ್ತಿದ್ದಳಂತೆ, ಉಳಿದವರು ಅವಳ ಸಾಲನ್ನೂ ಬಿಡಿಸಿಕೊಡುತ್ತಿದ್ದರಂತೆ. "ಅಕ್ಕಾರ, ಅಂತರ್ಯುದ್ಧ ಅಂದ್ರೇನು ಅಂತ ಕೇಳಿದ್ರು. ಒಂದ ಮನಿ ಮಂದಿ ಹೊಡದಾಡೂದು ಅಂದೆ. ಹಂಗಾರ ನಮಗ ಗೊತ್ತೈತಿ ಬಿಡು, ಮುಂದ ಓದು ಅಂದ್ರು" ಎಂದು ನಕ್ಕಳು.

ಮೂರನೆಯ ಚರ್ಚೆ ಬಸವನ ಬಾಗೇವಾಡಿಯಲ್ಲಿ, ಶಿವಾನಂದ ಸರ್ ಮನೆಯಲ್ಲಿ. ನಮ್ಮಲ್ಲಿ ಹಿರಿಯರು ಅವರೇ. ಕೆರೆ ಹೂಳು ತೆಗೆಸಿದವರು, ಭಾಷಣಕ್ಕೆ ನಿಂತರೆ ಮಂದಿ ಅಲ್ಲಾಡದ ಹಾಗೆ ಮಾತಾಡುವವರು. ಗೋಡೆಯ ತುಂಬ ಸನ್ಮಾನದ ಫೋಟೋಗಳಿದ್ದವು.

ಅವತ್ತಿನ ಭಾಗದಲ್ಲಿ ಒಂದು ಸೇತುವೆ ಬರುತ್ತದೆ. ಹೊಳೆಯ ಈಚೆ ಒಂದು ಪಕ್ಷ, ಆಚೆ ಒಂದು ಪಕ್ಷ. ಎರಡೂ ಕಡೆಯವರು ಆಡುವುದು ಒಂದೇ ಭಾಷೆ, ಉಳ್ಳಾಗಡ್ಡಿಗೆ ಮಾತ್ರ ಬೇರೆ ಬೇರೆ ಹೆಸರು. ದಾಟುವವರಿಗೆಲ್ಲ ಕಾವಲುಗಾರ ಒಂದು ಉಳ್ಳಾಗಡ್ಡಿ ತೋರಿಸಿ, ಬಹಳ ಮರ್ಯಾದೆಯಿಂದ, "ಇದಕ್ಕೇನಂತೀರಿ?" ಎಂದು ಕೇಳುತ್ತಾನೆ. ಒಬ್ಬ ಕ್ಷೌರಿಕ ಬರುತ್ತಾನೆ. ಅವನಿಗೆ ಹಲ್ಲುನೋವು, ಬಾಯಿ ಬಾತು ಒಂದು ಮಾತೂ ಹೊರಡುವುದಿಲ್ಲ. ಯಾವ ಕಡೆಯವನೆಂದು ತಿಳಿಯದೆ ಅವನನ್ನು ನಡುಸೇತುವೆಯ ಮೇಲೆ ಕೂರಿಸುತ್ತಾರೆ. ಅಲ್ಲೇ ಕೂತು ಅವನು ಎರಡೂ ಕಡೆಯವರ ಗಡ್ಡ ಹೆರೆಯುತ್ತಾನೆ. ಬಾವು ಇಳಿಯುವ ದಿನ ಸೇತುವೆಗೇ ಬಾಂಬು ಬೀಳುತ್ತದೆ.

ಶಿವಾನಂದ ಸರ್ ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. "ಅಲ್ರೀ, ನಾವು ಉಳ್ಳಾಗಡ್ಡಿ ಅಂತೀವಿ, ಬೆಂಗಳೂರ ಮಂದಿ ಈರುಳ್ಳಿ ಅಂತಾರ. ನಮ್ಮನ್ನೂ ದಾಟಸಂಗಿಲ್ಲ ಇವ್ರು" ಎಂದರು. ಸಂಸ್ಥೆಯಿಂದ ಚರ್ಚೆ ನಡೆಸಿಕೊಡಲು ಬಂದಿದ್ದ ಅನಿತಾ ಮೇಡಂಗೂ ನಗು ತಡೆಯಲಾಗಲಿಲ್ಲ. ಆಮೇಲೆ ಅವರು, "ನಿಮ್ಮ ಕಡೆ ಇಂಥ ಪ್ರಶ್ನೆ ಇದೆಯಾ?" ಎಂದು ಕೇಳಿದರು. ಒಬ್ಬರು ಗಡಿಯ ಮಾತಾಡಿದರು, ಒಬ್ಬರು ಚಡಚಣದ ಸಂತೆಯಲ್ಲಿ ಕೇಳುವ ಮರಾಠಿಯ ಮಾತಾಡಿದರು. ನಾನೂ ಏನೋ ಹೇಳಿದೆ. ಶಾಂತವ್ವ ಮಾತ್ರ ಪುಸ್ತಕ ಮುಚ್ಚಿ ಕಾಲಮೇಲಿಟ್ಟುಕೊಂಡಳು.

ಊಟಕ್ಕೆ ಸಾಲಾಗಿ ಕೂತೆವು. ಸರ್ ತಾವೇ ರೊಟ್ಟಿಯ ಬುಟ್ಟಿ ಹಿಡಿದು ಬಡಿಸಲು ಬಂದರು. ಎರಡು ಸುತ್ತು ಎಲ್ಲರ ಕೈಗೂ ರೊಟ್ಟಿ ಕೊಟ್ಟರು. ಮೂರನೆಯ ಸುತ್ತಿನಲ್ಲಿ ನನ್ನೆದುರು ನಿಂತು, "ಅಕ್ಕಾರ, ನಿಮ್ಮ ಅಡ್ಡೆಸರೇನಂದ್ರಿ? ಯಾರ ಪೈಕಿ ನೀವು?" ಎಂದರು.

ನಮ್ಮ ಕಡೆ ಇದು ದಿನಬೆಳಗಾದರೆ ಕೇಳುವ ಪ್ರಶ್ನೆ. ಜಾತಿ ಯಾವುದು ಎಂದು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಯಾರ ಪೈಕಿ ಎನ್ನುತ್ತಾರೆ. ನಾನು ಒಂದು ಗಳಿಗೆಯೂ ಯೋಚಿಸದೆ ಅಡ್ಡಹೆಸರು ಹೇಳಿಬಿಟ್ಟೆ. "ಓಹೋ, ಸಾಲೋಟಗಿ ಮನಿತನದವರೇನು? ನಮ್ಮ ಬೀಗರಿಗೆ ಹತ್ತಿರದವರಾದ್ರಿ" ಎಂದು ಸರ್ ಮುಖ ಅರಳಿಸಿದರು. ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಖುಷಿಯಾಯಿತು.

ಪಕ್ಕದಲ್ಲಿದ್ದವಳು ಶಾಂತವ್ವ. "ಮತ್ತ ನೀವವ್ವಾ?"

"ನಮ್ಮದು ಊರಾಚಿ ಕೇರಿ ರೀ ಸರ್" ಎಂದಳು ಅವಳು. ದನಿ ಏರಲಿಲ್ಲ, ಇಳಿಯಲೂ ಇಲ್ಲ.

"ಇರ್ಲಿ ಇರ್ಲಿ, ಉಣ್ರಿ" ಎಂದರು ಸರ್. ಮೊದಲ ಎರಡು ಸಲ ಕೈಗೆ ಕೊಟ್ಟಿದ್ದ ರೊಟ್ಟಿಯನ್ನು ಈ ಸಲ ಗೇಣುದ್ದ ಮೇಲಿನಿಂದ ತಟ್ಟೆಗೆ ಬಿಟ್ಟರು. ತಟ್ಟೆಯಲ್ಲಿದ್ದ ಹಿಂಡಿಪಲ್ಯ ಅವಳ ಸೀರೆಗೆ ಸಿಡಿಯಿತು. ಅವಳು ಸೆರಗಿನಿಂದ ಒರೆಸಿಕೊಂಡು ಊಟ ಮಾಡಿದಳು. ಏನು ಇರ್ಲಿ? ಅವಳು ಮಾಡಿದ ತಪ್ಪಾದರೂ ಏನು, ಇವರು ದೊಡ್ಡ ಮನಸ್ಸು ಮಾಡಿ ಇರಲಿ ಅನ್ನಲಿಕ್ಕೆ? ಅದೂ ಜಾತಿ ಬೇಡವೆಂದ ಶರಣರ ಬಾಗೇವಾಡಿಯಂಥ ಊರಿನಲ್ಲಿ ಕೂತು. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ. ಇದೆಲ್ಲ ನನಗೆ ಹೊಳೆದದ್ದು ಬಸ್ಸಿನಲ್ಲಿ ಕೂತ ಮೇಲೆ. ಅಲ್ಲಿ ಮಾತ್ರ ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದೆ.

ನಾಲ್ಕನೆಯ ಚರ್ಚೆ ಶಾಂತವ್ವನ ಮನೆಯಲ್ಲಿ ಆಗಬೇಕಿತ್ತು. ಅದಕ್ಕೆ ನಾಲ್ಕು ದಿನವಿರುವಾಗ ಅನಿತಾ ಮೇಡಂ ಫೋನು ಬಂತು. "ಹಳ್ಳಿಗೆ ಬಸ್ ತೊಂದರೆ ಅಂತ ಕೆಲವರು ಹೇಳಿದರು. ಮುದ್ದೇಬಿಹಾಳದಲ್ಲೇ ಒಂದು ಹಾಲ್ ನೋಡಿದ್ದೇವೆ. ಊಟ ಹೋಟೆಲಿನಿಂದ. ಎಲ್ಲರಿಗೂ ಅನುಕೂಲ."

"ಯಾರು ಹೇಳಿದ್ದು ಮೇಡಂ?"

"ಕೆಲವರು. ಶಿವಾನಂದ ಸರ್ ಕೂಡ ಅದೇ ಒಳ್ಳೆಯದು ಅಂದರು. ನೀವು ಶಾಂತವ್ವನಿಗೆ ಒಂದು ಮಾತು ತಿಳಿಸ್ತೀರಾ? ನಿಮ್ಮ ಜೊತೆ ಚೆನ್ನಾಗಿದ್ದಾರಲ್ಲ."

ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಕೆಲಸ ಮುಗಿಸಿದ್ದರು. ನಮ್ಮ ಹಳ್ಳಿಗೆ ದಿನಕ್ಕೆರಡೇ ಬಸ್ಸು, ಆಗ ಯಾರಿಗೂ ತೊಂದರೆಯಾಗಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಆದರೂ ಬೇಡ ಎನ್ನಲಿಲ್ಲ, ಫೋನು ಮಾಡಿ ತಿಳಿಸಿದೆ. ಸಂಘದ ಹೆಂಗಸರೆಲ್ಲ ಸೇರಿ ಅವಳ ಮನೆಗೆ ಸುಣ್ಣ ಬಳಿದಿದ್ದರಂತೆ, ಜಮಖಾನೆ ಕೇಳಿ ತಂದಿದ್ದರಂತೆ. ಎರಡು ದಿನ ಕೂತು ಕಡಕ್ ರೊಟ್ಟಿ ಬಡಿದು ಒಟ್ಟಿದ್ದರಂತೆ. ಹೊಲದಲ್ಲಿ ಅವಳ ಬಾಯಿಂದ ಕಥೆ ಕೇಳಿದವರು ಅವರು, ಅಂಥ ಪುಸ್ತಕ ಓದಿದ ಮಂದಿಯನ್ನು ನೋಡುವ ಆಸೆ ಅವರಿಗೆ. ಅಷ್ಟೂ ಹೇಳಿದಳು. ಆಮೇಲೆ, "ಆತು ಬಿಡ್ರಿ ಅಕ್ಕಾರ. ಕಡಕ್ ರೊಟ್ಟಿ ಅದಾವ, ಕೆಡಂಗಿಲ್ಲ" ಎಂದಳು.

ಆ ನಾಲ್ಕು ದಿನ ನನ್ನ ಸಿಟ್ಟು ಸುತ್ತಿ ಸುತ್ತಿ ನನ್ನ ಹತ್ತಿರವೇ ಬರುತ್ತಿತ್ತು. ಸರ್ ಮೊದಲು ಕೇಳಿದ್ದು ನನ್ನನ್ನು. ಆಗ ನಾನು ಬಾಯಿ ಮುಚ್ಚಿಕೊಂಡಿದ್ದರೆ, "ಅದ್ಯಾಕ ಬೇಕ್ರಿ ಸರ್" ಎಂದಿದ್ದರೆ, ಆ ಪ್ರಶ್ನೆ ಅವಳವರೆಗೆ ಹೋಗುತ್ತಿತ್ತೋ ಇಲ್ಲವೋ.

ಚರ್ಚೆಯ ದಿನ ಶಾಂತವ್ವ ಒಂದು ದೊಡ್ಡ ಬಟ್ಟೆಗಂಟು ತಂದು ಕಾಲ ಬಳಿ ಇಟ್ಟುಕೊಂಡು ಕೂತಳು. ಶಿವಾನಂದ ಸರ್ ಎದ್ದು, ಮನುಷ್ಯನ ಮನಸ್ಸಿನೊಳಗಿನ ಗೋಡೆ ಬೀಳಬೇಕು, ಆಗ ಯುದ್ಧ ನಿಲ್ಲುತ್ತದೆ ಎಂದು ಚೆಂದಾಗಿ ಮಾತಾಡಿದರು. ಚಪ್ಪಾಳೆಯೂ ಬಿತ್ತು. ನನಗೆ ಕೂರಲಾಗಲಿಲ್ಲ. ಎದ್ದು ನಿಂತೆ.

"ಸರ್, ಸೇತುವೆ ಮ್ಯಾಲಿನ ಪ್ರಶ್ನೆ ನಮ್ಮ ಕಡೆ ಐತೇನು ಅಂತ ಮೇಡಂ ಕೇಳಿದ್ರು. ಐತ್ರಿ. ಯಾರ ಪೈಕಿ ಅನ್ನೂದ ಆ ಪ್ರಶ್ನೆ. ಹೋದ ಸಲ ನೀವು ಕೇಳಿದ್ರಿ, ನಾನು ಮೊದಲ ಉತ್ತರ ಕೊಟ್ಟು ದಾಟಿದೆ. ಶಾಂತವ್ವನ ಉತ್ತರ ಕೇಳಿ ರೊಟ್ಟಿ ಮ್ಯಾಲಿಂದ ಬಿಟ್ರಿ. ಈಗ ಆಕಿ ಮನಿ ಬಿಟ್ಟು ಈ ಹಾಲ್‌ನಾಗ ಕುಂತೇವಿ. ನಂದೂ ತಪ್ಪೈತಿ, ಹಾಲ್ ಅಂತ ಆಕಿಗೆ ಫೋನ್ ಮಾಡ್ದಾಕಿ ನಾನ."

ಎಲ್ಲರೂ ಪುಸ್ತಕ ನೋಡತೊಡಗಿದರು. ಸರ್ ಮುಖ ಕೆಂಪಾಯಿತು. "ತಂಗೀ, ನಾ ಪ್ರೀತೀಲೆ ಕೇಳೀನಿ. ಗುರ್ತು ಆಗ್ಲಿ ಅಂತ."

"ಕಾವಲುಗಾರನೂ ಮರ್ಯಾದಿಲೆ ಕೇಳತಿದ್ನಲ್ರಿ ಸರ್" ಎಂದೆ.

ಅಷ್ಟರಲ್ಲಿ ಶಾಂತವ್ವ ಎದ್ದು ಗಂಟು ಬಿಚ್ಚಿದಳು. ಹಪ್ಪಳದಷ್ಟು ತೆಳ್ಳಗಿನ ಕಡಕ್ ರೊಟ್ಟಿ, ಡಬ್ಬಿಯಲ್ಲಿ ಶೇಂಗಾ ಹಿಂಡಿ, ನಮ್ಮ ಕಡೆಯ ಚಟ್ನಿಪುಡಿ. ಹೋಟೆಲ್ ಊಟ ಇನ್ನೂ ಬಂದಿರಲಿಲ್ಲ. ಅವಳು ಒಬ್ಬೊಬ್ಬರ ಮುಂದೂ ನಿಂತು ರೊಟ್ಟಿ ನೀಡುತ್ತ ಬಂದಳು. ನಾನು ತೆಗೆದುಕೊಂಡೆ. ಅನಿತಾ ಮೇಡಂ ಕಣ್ಣೀರು ಒರೆಸಿಕೊಳ್ಳುತ್ತ ತೆಗೆದುಕೊಂಡರು. ಕೆಲವರು ಮುರಿದು ತಿಂದರು, ಇಬ್ಬರು ಕೈಯಲ್ಲೇ ಹಿಡಿದು ಕೂತರು. ಕೊನೆಗೆ ಅವಳು ಸರ್ ಮುಂದೆ ನಿಂತಳು.

ಸರ್ ಕೆನ್ನೆಗೆ ಕೈ ಹಚ್ಚಿದರು. "ಬ್ಯಾಡವ್ವ, ನನಗ ಹಲ್ಲುನೋವೈತಿ. ಕಡಕ್ ರೊಟ್ಟಿ ನಡ್ಯಂಗಿಲ್ಲ."

ಹಾಲ್‌ನಲ್ಲಿದ್ದವರೆಲ್ಲ ಸರ್ ಕಡೆ ತಿರುಗಿದರು. ತಾವು ಏನಂದೆವೆಂದು ಸರ್‌ಗೂ ಆಗಲೇ ತಿಳಿದಿರಬೇಕು, ಕೈ ಕೆನ್ನೆಯ ಮೇಲೇ ಉಳಿಯಿತು.

ಶಾಂತವ್ವ ನಗಲಿಲ್ಲ. ರೊಟ್ಟಿಯನ್ನು ವಾಪಸು ಬಟ್ಟೆಗೆ ಇಟ್ಟುಕೊಂಡು, "ಹಂಗಾರ ಸೇತುವಿ ಮ್ಯಾಲ ಕುಂದರ್ರಿ ಸರ್, ನೋವು ಇಳಿಯೂತನಕ" ಎಂದಳು.

ಸಂಸ್ಥೆಯವರು ಆಮೇಲೆ ಹೊಸ ಪುಸ್ತಕ ಕಳಿಸಲಿಲ್ಲ. ಸರ್ ಸನ್ಮಾನಗಳು ನಿಂತಿಲ್ಲ. ನಾನು ಶಾಂತವ್ವನ ಮನೆಗೆ ಹೋಗಿ ಉಂಡು ಬಂದೆ, ಅವಳ ಗೆಳತಿಯರಿಗೆ ಪುಸ್ತಕದ ಕೊನೆಯ ಭಾಗ ಓದಿ ಹೇಳಿದೆ. ಅದರಿಂದ ಸಿಟ್ಟೇನೂ ಇಳಿಯಲಿಲ್ಲ, ಇಳಿಯುವುದು ನನಗೆ ಬೇಕಾಗಿಯೂ ಇಲ್ಲ. ಯಾಕೆಂದರೆ ಮೊನ್ನೆ ಗ್ರಂಥಾಲಯಕ್ಕೆ ಹೊಸದಾಗಿ ಒಬ್ಬ ಹೆಣ್ಣುಮಗಳು ಬಂದಳು, ಊರಿಗೆ ಮದುವೆಯಾಗಿ ಬಂದವಳು. ಹೆಸರು ಬರೆದುಕೊಂಡು ತಲೆ ಎತ್ತಿದೆ. ಇಷ್ಟೆಲ್ಲ ಆದ ಮೇಲೂ ನನ್ನ ಬಾಯಿಂದ "ಯಾರ..." ಎಂದು ಹೊರಬಿತ್ತು. ನಾಲಿಗೆ ಕಚ್ಚಿಕೊಂಡು, "ಯಾರ ಪುಸ್ತಕ ಬೇಕಿತ್ತವ್ವಾ?" ಎಂದೆ.

ಅವಳಿಗೆ ಏನೂ ತಿಳಿಯಲಿಲ್ಲ. ನನಗೆ ತಿಳಿಯಿತು.